ಕೊರೆಯುತ್ತಲೇ ಮುಂದಿನ ಪದರವನ್ನು ತೋರಿಸುವ ಸೀಸ್ಮಿಕ್ ಸೇವೆ: ಬಳಸಿ ನೋಡಿದ ಮೇಲೆ ಬರೆದ ವಿಮರ್ಶೆ

ಆಳವಾದ ಬಾವಿ ಕೊರೆಸುವವರ ಕೈಯಲ್ಲಿ ಸಾಮಾನ್ಯವಾಗಿ ನೆಲದ ಮೇಲಿಂದ ಮಾಡಿದ ಸೀಸ್ಮಿಕ್ ಸಮೀಕ್ಷೆಯ, ಅಂದರೆ ಕಂಪನದ ಅಲೆಗಳನ್ನು ನೆಲದಾಳಕ್ಕೆ ಕಳುಹಿಸಿ ಅವುಗಳ ಪ್ರತಿಫಲನವನ್ನು ದಾಖಲಿಸುವ ಸಮೀಕ್ಷೆಯ, ಚಿತ್ರವೊಂದು ಇದ್ದೇ ಇರುತ್ತದೆ. ಪದರಗಳು ಎಲ್ಲಿ ಬಾಗಿವೆ, ಸ್ತರಭಂಗದಿಂದ ಎಲ್ಲಿ ತುಂಡಾಗಿವೆ, ಗಟ್ಟಿಯಾದ ತಳಶಿಲೆ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನೆಲ್ಲ ಆ ಚಿತ್ರ ತೋರಿಸುತ್ತದೆ. ಆದರೆ ಅದರ ಲಂಬ ಅಕ್ಷದಲ್ಲಿರುವುದು ಮೀಟರ್ ಅಲ್ಲ, ಸೆಕೆಂಡು. ಅಂದರೆ ಅಲೆಯು ಕೆಳಗಿಳಿದು, ಪದರಕ್ಕೆ ಬಡಿದು, ಮರಳಿ ಮೇಲೆ ಬರಲು ತೆಗೆದುಕೊಂಡ ಸಮಯ. ಶಿಲೆಯನ್ನು ಕೊರೆಯುವ ತುದಿಯಾದ ಡ್ರಿಲ್ ಬಿಟ್ ಇರುವ ಆಳವನ್ನಾದರೋ ನಾವು ಬಾವಿಗಿಳಿಸಿದ ಪೈಪುಗಳ ಉದ್ದದಿಂದ ಮೀಟರ್‌ಗಳಲ್ಲಿ ಅಳೆಯುತ್ತೇವೆ. ಈ ಎರಡು ಅಳತೆಗಳನ್ನು ಜೋಡಿಸುವುದು ಶಿಲೆಯಲ್ಲಿ ಅಲೆ ಸಾಗುವ ವೇಗ. ಹೋಗಿಬರುವ ಸಮಯ 2 ಸೆಕೆಂಡು ಇರುವ ಪದರವೊಂದು, ಸರಾಸರಿ ವೇಗ ಸೆಕೆಂಡಿಗೆ 3000 ಮೀಟರ್ ಎಂದು ಹಿಡಿದರೆ, 3000 ಮೀಟರ್ ಆಳದಲ್ಲಿರುತ್ತದೆ. ಆ ಅಂದಾಜು ಶೇ. 3ರಷ್ಟು ತಪ್ಪಿದರೂ ಪದರದ ಆಳ 90 ಮೀಟರ್ ಮೇಲೋ ಕೆಳಗೋ ಸರಿಯುತ್ತದೆ. ಬಾವಿಯ ಗೋಡೆ ಕುಸಿಯದಂತೆ ತಡೆಯುವ ಕೇಸಿಂಗ್ ಪೈಪನ್ನು ಎಲ್ಲಿ ನಿಲ್ಲಿಸಬೇಕು, ಕೊರೆಯುವಾಗ ಬಾವಿಯಲ್ಲಿ ಹರಿಸಿ ಒತ್ತಡವನ್ನು ತಡೆಹಿಡಿಯುವ ಮಣ್ಣುದ್ರವದ ಸಾಂದ್ರತೆಯನ್ನು ಯಾವಾಗ ಹೆಚ್ಚಿಸಬೇಕು ಎಂಬ ನಿರ್ಧಾರಗಳನ್ನು ಮಾಡುವವರಿಗೆ 90 ಮೀಟರ್ ಬಹಳ ದೊಡ್ಡ ಅಂತರ.

ಕೊರೆಯುವಿಕೆಯ ಜೊತೆಜೊತೆಗೇ ಮಾಡುವ ಸೀಸ್ಮಿಕ್ ಸಮೀಕ್ಷೆ, ಅಂದರೆ ಬಿಟ್ ಶಿಲೆಯನ್ನು ಒಡೆಯುವಾಗ ಹುಟ್ಟುವ ಕಂಪನವನ್ನೇ ಅಲೆಯ ಮೂಲವಾಗಿ ಬಳಸಿಕೊಳ್ಳುವ ಸೇವೆ, ಈ ಅಂತರವನ್ನು ಕುಗ್ಗಿಸುತ್ತೇನೆ ಎಂದು ಹೇಳಿಕೊಳ್ಳುತ್ತದೆ. ಭೂಶಾಖಕ್ಕಾಗಿ ಕೊರೆದ ಆಳ ಬಾವಿಯೊಂದರಲ್ಲಿ ಬಾವಿಯ ಮಾಲೀಕರ ಕಡೆಯ ಭೂಭೌತಶಾಸ್ತ್ರಜ್ಞನಾಗಿ ಈ ಸೇವೆಯ ದಿನದಿನದ ವರದಿಗಳನ್ನು ಓದಿ, ಪ್ರಶ್ನಿಸಿ, ಅವುಗಳ ಆಧಾರದ ಮೇಲೆ ಸಲಹೆ ಕೊಡುವ ಜವಾಬ್ದಾರಿ ನನ್ನದಾಗಿತ್ತು. ಅದೇ ಬಾವಿಯಲ್ಲಿ ಕೊನೆಗೆ ಕೇಬಲ್ ಮೂಲಕ ಉಪಕರಣ ಇಳಿಸಿ ಮಾಡುವ ವರ್ಟಿಕಲ್ ಸೀಸ್ಮಿಕ್ ಪ್ರೊಫೈಲ್, ಅಂದರೆ ವಿಎಸ್‌ಪಿಯನ್ನೂ ಮಾಡಿಸಿದ್ದರಿಂದ ಎರಡನ್ನೂ ಎದುರೆದುರು ಇಟ್ಟು ನೋಡಲು ಸಾಧ್ಯವಾಯಿತು. ಈ ಸೇವೆಯನ್ನು ಚೆಂದದ ಚಿತ್ರಕ್ಕಾಗಿ ಕೊಳ್ಳಬಾರದು, ಬಿಟ್ ಈಗ ಸೀಸ್ಮಿಕ್ ಚಿತ್ರದ ಯಾವ ಜಾಗದಲ್ಲಿದೆ ಎಂದು ಕೊರೆಯುವಾಗಲೇ ತಿಳಿಯುವುದಕ್ಕಾಗಿ ಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಆ ಒಂದು ಕೆಲಸವನ್ನು ಅದು, ಕೆಲವು ಕಟ್ಟುನಿಟ್ಟಾದ ಷರತ್ತುಗಳ ಒಳಗೆ, ನಿಜವಾಗಿಯೂ ಚೆನ್ನಾಗಿ ಮಾಡುತ್ತದೆ.

ಬಾವಿಯೊಳಗಿಂದ ಅಲೆಗಳನ್ನು ಕಳುಹಿಸಿ ಅಥವಾ ಸ್ವೀಕರಿಸಿ ಸುತ್ತಲಿನ ಶಿಲೆಯನ್ನು ಅರಿಯುವ ಯೋಚನೆ ಹೊಸದಲ್ಲ. ರೆಜಿನಾಲ್ಡ್ ಫೆಸೆಂಡೆನ್ ಅವರಿಗೆ 1917ರಲ್ಲಿ ದೊರೆತ ಅಮೆರಿಕದ ಪೇಟೆಂಟ್‌ನಲ್ಲೇ ಬಾವಿಗಳಲ್ಲಿ ಧ್ವನಿಯ ಮೂಲ ಮತ್ತು ಗ್ರಾಹಕಗಳನ್ನು, ಅಂದರೆ ಅಲೆಯನ್ನು ಸ್ವೀಕರಿಸುವ ಉಪಕರಣಗಳನ್ನು, ಇಟ್ಟು ಅದಿರಿನ ನಿಕ್ಷೇಪ ಹುಡುಕುವ ವಿಧಾನವಿದೆ. ಬಾವಿಯ ಉದ್ದಕ್ಕೂ ಗ್ರಾಹಕಗಳನ್ನಿಟ್ಟು ಕೆಳಗಿಳಿಯುವ ಅಲೆಯನ್ನೂ ಮೇಲೇರುವ ಅಲೆಯನ್ನೂ ಬೇರೆಬೇರೆಯಾಗಿ ಓದುವ ಪದ್ಧತಿಯನ್ನು ಸೋವಿಯತ್ ಒಕ್ಕೂಟದಲ್ಲಿ ಗಾಲ್ಪೆರಿನ್ ಮತ್ತು ಅವರ ಸಹೋದ್ಯೋಗಿಗಳು ಕಳೆದ ಶತಮಾನದ ಉತ್ತರಾರ್ಧದಲ್ಲಿ ಬೆಳೆಸಿದರು. ಬಿಟ್‌ನ ಸದ್ದನ್ನೇ ಮೂಲವಾಗಿಸುವ ವಿಧಾನ 1980ರ ದಶಕದಲ್ಲಿ ವಾಣಿಜ್ಯ ಸೇವೆಯ ರೂಪ ಪಡೆಯಿತು. ಅದರ ತತ್ವವನ್ನು ವಿವರವಾಗಿ ಮಂಡಿಸಿದ ರೆಕ್ಟರ್ ಮತ್ತು ಮೇರಿಯನ್ ಅವರ ಪ್ರಬಂಧ 1991ರಲ್ಲಿ ಪ್ರಕಟವಾಯಿತು. ಹಾಗಾಗಿ ಈ ಸೇವೆಯನ್ನು ಪ್ರಯೋಗಾಲಯದಿಂದ ಈಗಷ್ಟೇ ಹೊರಬಂದ ಹೊಸತನವೆಂದು ಮಾರುವವರ ಮಾತನ್ನು ಅಷ್ಟಾಗಿ ನಂಬಬೇಕಿಲ್ಲ. ಇದರ ಬಲವೂ ದೌರ್ಬಲ್ಯವೂ ಬಲ್ಲವರಿಗೆ ಬಹುಕಾಲದಿಂದ ಗೊತ್ತಿವೆ.

ಸಾಮಾನ್ಯ ಸೀಸ್ಮಿಕ್ ಸಮೀಕ್ಷೆಯಲ್ಲಿ ಮೂಲ ಯಾವಾಗ ಸಿಡಿಯಿತು ಎಂಬುದು ನಿಖರವಾಗಿ ತಿಳಿದಿರುತ್ತದೆ. ಬಿಟ್ ಹಾಗಲ್ಲ, ಅದು ಗಂಟೆಗಟ್ಟಲೆ ಬಿಡುವಿಲ್ಲದೆ ಶಿಲೆಯನ್ನು ಜಜ್ಜುತ್ತಿರುತ್ತದೆ, ಅದರ ಕಂಪನಕ್ಕೆ ಆರಂಭವೆಂಬ ಗುರುತಿಲ್ಲ. ಆದ್ದರಿಂದ ಪೈಪಿನ ಸಾಲಿನ ಮೇಲ್ತುದಿಯಲ್ಲಿ, ಪೈಪನ್ನು ತಿರುಗಿಸುವ ಯಂತ್ರವಾದ ಟಾಪ್ ಡ್ರೈವ್‌ನ ಬಳಿ, ಕಂಪನ ಅಳೆಯುವ ಒಂದು ಅಕ್ಸೆಲೆರೋಮೀಟರ್ ಅಳವಡಿಸುತ್ತಾರೆ. ಬಿಟ್‌ನಲ್ಲಿ ಹುಟ್ಟಿದ ಕಂಪನ ಉಕ್ಕಿನ ಪೈಪಿನ ಮೂಲಕ ಏರಿಬಂದು ಅದನ್ನು ತಲುಪುತ್ತದೆ; ಇದೇ ಪೈಲಟ್ ಸಂಕೇತ. ಅದೇ ಕಂಪನ ಶಿಲೆಯ ಮೂಲಕವೂ ಹರಡಿ ನೆಲದ ಮೇಲೆ ಸಾಲಾಗಿ ಊರಿದ, ನೆಲದ ಕಂಪನ ದಾಖಲಿಸುವ ಜಿಯೋಫೋನ್‌ಗಳನ್ನು ತಲುಪುತ್ತದೆ. ಎರಡೂ ದಾಖಲೆಗಳನ್ನು ಒಂದರ ಮೇಲೊಂದು ಸರಿಸುತ್ತ ಎಲ್ಲಿ ಅತಿ ಹೆಚ್ಚು ಹೊಂದುತ್ತವೆ ಎಂದು ಲೆಕ್ಕ ಹಾಕಿದಾಗ, ಗಂಟೆಗಟ್ಟಲೆಯ ಗದ್ದಲವೆಲ್ಲ ಒಂದು ಚಿಕ್ಕ ಸ್ಪಷ್ಟ ಮಿಡಿತವಾಗಿ ಕುಗ್ಗುತ್ತದೆ. ಕಂಪಿಸುವ ಟ್ರಕ್‌ಗಳನ್ನು ಬಳಸುವ ಸಮೀಕ್ಷೆಗಳಲ್ಲಿಯೂ ನಡೆಯುವುದು ಇಂಥದೇ ಲೆಕ್ಕ; ವ್ಯತ್ಯಾಸವೆಂದರೆ ಅಲ್ಲಿ ಮೂಲದ ಕಂಪನವನ್ನು ನಾವೇ ನಿರ್ಧರಿಸಿರುತ್ತೇವೆ, ಇಲ್ಲಿ ಅದನ್ನು ಪೈಪಿನ ತುದಿಯಲ್ಲಿ ಕದ್ದು ಕೇಳಬೇಕು.

ಈ ಪೈಲಟ್ ಸಂಕೇತದಲ್ಲೇ ಸೇವೆಯ ಏಳುಬೀಳು ಅಡಗಿದೆ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ. ಬಿಟ್ 2400 ಮೀಟರ್ ಆಳದಲ್ಲಿದೆ ಎಂದುಕೊಳ್ಳೋಣ. ಶಿಲೆಯಲ್ಲಿ ಸರಾಸರಿ ವೇಗ ಸೆಕೆಂಡಿಗೆ 3000 ಮೀಟರ್ ಇದ್ದರೆ ಅಲೆ ನೆಲ ತಲುಪಲು 0.80 ಸೆಕೆಂಡು ಬೇಕು. ಪೈಪಿನಲ್ಲಿ ಅದು ಸೆಕೆಂಡಿಗೆ 4800 ಮೀಟರ್ ವೇಗದಲ್ಲಿ ಸಾಗಿದರೆ 0.50 ಸೆಕೆಂಡಿನಲ್ಲಿ ಮೇಲೆ ಬರುತ್ತದೆ. ಎರಡು ದಾಖಲೆಗಳನ್ನು ಹೊಂದಿಸಿದಾಗ ನಮಗೆ ಸಿಗುವುದು 0.80 ಅಲ್ಲ, ಎರಡರ ನಡುವಿನ ವ್ಯತ್ಯಾಸವಾದ 0.30 ಸೆಕೆಂಡು ಮಾತ್ರ. ಪೈಪಿನಲ್ಲಿ ಕಳೆದ 0.50 ಸೆಕೆಂಡನ್ನು ಲೆಕ್ಕ ಹಾಕಿ ಮತ್ತೆ ಕೂಡಿಸಬೇಕು. ಈಗ ಲೆಕ್ಕ ಮಾಡುವವರು ಪೈಪಿನ ನಿಜವಾದ ವೇಗದ ಬದಲು ಪಠ್ಯಪುಸ್ತಕದಲ್ಲಿ ಸಿಗುವ, ಉದ್ದಕ್ಕೂ ಒಂದೇ ದಪ್ಪದ ಉಕ್ಕಿನ ಕಂಬಿಗೆ ಸಲ್ಲುವ ಸುಮಾರು 5100 ಮೀಟರ್ ಎಂಬ ಸಂಖ್ಯೆಯನ್ನು ಹಾಕಿದರೆ ಕೂಡಿಸುವ ಮೊತ್ತ 0.47 ಆಗುತ್ತದೆ. ಕಡಿಮೆಯಾದದ್ದು 0.03 ಸೆಕೆಂಡು, ಅಂದರೆ ಶಿಲೆಯಲ್ಲಿ 90 ಮೀಟರ್. ಯಾವ ತಪ್ಪನ್ನು ತಿದ್ದಲು ಸೇವೆಯನ್ನು ತರಿಸಿಕೊಂಡೆವೋ ಅಷ್ಟೇ ದೊಡ್ಡ ತಪ್ಪು ಸೇವೆಯ ಒಳಗಿಂದಲೇ ಹುಟ್ಟಿದಂತಾಯಿತು.

ಡ್ರಿಲ್ ಪೈಪು ಅಂಥ ಒಂದೇ ದಪ್ಪದ ಕಂಬಿಯಲ್ಲ. ಸುಮಾರು 9 ಮೀಟರ್‌ಗೊಮ್ಮೆ ದಪ್ಪನಾದ ಜೋಡಣೆಯ ಭಾಗ ಬರುತ್ತದೆ, ಬಿಟ್‌ನ ಮೇಲೆ ಡ್ರಿಲ್ ಕಾಲರ್ ಎಂಬ ದಪ್ಪ ಗೋಡೆಯ ಭಾರವಾದ ಪೈಪು‌ಗಳಿರುತ್ತವೆ. ಈ ತೂಕಗಳೆಲ್ಲ ಸೇರಿ ಅಲೆಯನ್ನು ನಿಧಾನಿಸುತ್ತವೆ. ನಿಜವಾದ ವೇಗವನ್ನು ತಿಳಿಯುವ ದಾರಿಯೂ ಪೈಲಟ್ ಸಂಕೇತದಲ್ಲಿಯೇ ಇದೆ: ಕಂಪನ ಪೈಪಿನೊಳಗೆ ಮೇಲೆ ಕೆಳಗೆ ಪುಟಿಯುತ್ತಿರುತ್ತದೆ, ಆ ಪುಟಿತಗಳ ನಡುವಿನ ಸಮಯವನ್ನು ಅಳೆದು ಪೈಪಿನ ಉದ್ದಕ್ಕೆ ಹೋಲಿಸಿದರೆ ವೇಗ ಸಿಗುತ್ತದೆ. ನಮಗೆ ಸೇವೆ ಕೊಟ್ಟ ಸಂಸ್ಥೆಯ ಆರಂಭದ ವರದಿಗಳಲ್ಲಿ ಈ ಅಳತೆ ಇರಲಿಲ್ಲ. ಒಂದೇ ಸ್ಥಿರ ಸಂಖ್ಯೆಯನ್ನು ಎಲ್ಲ ಆಳಗಳಿಗೂ ಹಾಕಲಾಗಿತ್ತು. ಶಿಲೆಯ ವೇಗ, ಕೊರೆಯುವಾಗ ಮೇಲೆ ಬಂದ ಬಂಡೆಯ ಚೂರುಗಳಿಂದ ತಿಳಿದ ಶಿಲೆಯ ಬಗೆಗೆ ಹೊಂದದಷ್ಟು ಹೆಚ್ಚಾಗಿ ಬರುತ್ತಿದೆಯಲ್ಲ ಎಂದು ಕೇಳಿದ ಮೇಲಷ್ಟೇ ಅವರು ಪೈಪಿನ ವೇಗವನ್ನು ಅಳೆದು ಹಳೆಯ ವರದಿಗಳನ್ನೆಲ್ಲ ತಿದ್ದಿ ಕೊಟ್ಟರು. ತಿದ್ದಿದ ರೀತಿ ಪ್ರಾಮಾಣಿಕವಾಗಿತ್ತು, ಯಾವುದನ್ನೂ ಮುಚ್ಚಿಡಲಿಲ್ಲ. ಆದರೂ ಇದು ಸೇವೆ ಕೊಂಡವರು ಕೇಳಿ ಪಡೆಯಬೇಕಾದ ವಿಷಯವಲ್ಲ, ಮೊದಲ ದಿನದ ವರದಿಯಲ್ಲೇ ಇರಬೇಕಾದದ್ದು. ಈ ಸೇವೆಗೆ ಪೂರ್ಣ ಅಂಕ ಕೊಡಲು ನನಗೆ ಮನಸ್ಸಾಗದಿರುವುದಕ್ಕೆ ಮುಖ್ಯ ಕಾರಣ ಇದೇ.

ಆ ತಿದ್ದುಪಡಿಯ ನಂತರ ಸೇವೆ ತನ್ನ ನಿಜವಾದ ಶಕ್ತಿಯನ್ನು ತೋರಿಸಿತು. ಕೊರೆಯುವ ಯಂತ್ರವಾದ ರಿಗ್‌ನಿಂದ ದೂರದಲ್ಲಿದ್ದ ದಾಖಲಾತಿ ಕೋಣೆಯ ಪರದೆಯ ಮೇಲೆ ಅಡ್ಡಲಾಗಿ ಬಿಟ್‌ನ ಆಳ, ಕೆಳಮುಖವಾಗಿ ಸಮಯ. ಒಂದೊಂದು ಪೈಪು ಇಳಿದಂತೆ ಒಂದೊಂದು ಹೊಸ ದಾಖಲೆ ಬಲಬದಿಗೆ ಸೇರಿಕೊಳ್ಳುತ್ತದೆ. ಬಿಟ್‌ನಿಂದ ನೇರವಾಗಿ ನೆಲಕ್ಕೆ ಬರುವ ಅಲೆಯ ಸಮಯ, ಬಿಟ್ ಆಳಕ್ಕೆ ಹೋದಂತೆ ಹೆಚ್ಚುತ್ತ ಹೋಗುತ್ತದೆ. ಬಿಟ್‌ನಿಂದ ಇನ್ನೂ ಕೆಳಕ್ಕೆ ಹೋಗಿ, ಮುಂದಿರುವ ಪದರಕ್ಕೆ ಬಡಿದು ಮೇಲೆ ಬರುವ ಅಲೆಯ ಸಮಯವಾದರೋ, ಆ ಪದರ ಹತ್ತಿರವಾದಂತೆ ಕಡಿಮೆಯಾಗುತ್ತ ಬರುತ್ತದೆ. ಒಂದು ಗೆರೆ ಕೆಳಕ್ಕೆ ಜಾರುತ್ತಿದ್ದರೆ ಇನ್ನೊಂದು ಮೇಲಕ್ಕೆ ಬರುತ್ತಿರುತ್ತದೆ, ಮತ್ತು ಎರಡೂ ಸೇರುವ ಬಿಂದುವೇ ಬಿಟ್ ಆ ಪದರವನ್ನು ಮುಟ್ಟುವ ಆಳ. ಪದರ 2400 ಮೀಟರ್‌ನಲ್ಲಿದ್ದು ಬಿಟ್ 2100 ಮೀಟರ್‌ನಲ್ಲಿರುವಾಗ, ಸೆಕೆಂಡಿಗೆ 3000 ಮೀಟರ್ ವೇಗದಲ್ಲಿ, ನೇರ ಅಲೆ 0.7 ಸೆಕೆಂಡಿಗೂ ಪ್ರತಿಫಲಿತ ಅಲೆ 0.9 ಸೆಕೆಂಡಿಗೂ ಬರುತ್ತವೆ; ನಡುವಿನ 0.2 ಸೆಕೆಂಡು ಎಂದರೆ ಮುಂದೆ 300 ಮೀಟರ್ ಉಳಿದಿದೆ ಎಂದರ್ಥ. ಈ ಅಂತರ ಪೈಪಿನ ನಂತರ ಪೈಪಿಗೆ ಕುಗ್ಗುವುದನ್ನು ಕಣ್ಣೆದುರು ನೋಡುವಾಗ, ಇನ್ನೂ ಕೊರೆಯದ ಶಿಲೆಯ ಬಗ್ಗೆ ಮಾತಾಡುತ್ತಿದ್ದೇವೆ ಎಂಬ ಅರಿವು ಮನಸ್ಸನ್ನು ನಿಜಕ್ಕೂ ಹಿಗ್ಗಿಸುತ್ತದೆ. ಈ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೂ ಆ ಎರಡು ಗೆರೆಗಳು ಸೇರುವುದನ್ನು ನೋಡಲು ನನಗೆ ಬೇಸರ ಬಂದಿಲ್ಲ.

ಇನ್ನೊಂದು ಅನುಕೂಲವನ್ನು ಇಲ್ಲಿ ಗಮನಿಸಬೇಕು: ಈ ಅಂತರವನ್ನು ಓದುವುದಕ್ಕೆ ಪೈಪಿನ ವೇಗ ಅಷ್ಟಾಗಿ ಅಡ್ಡಿಯಾಗುವುದಿಲ್ಲ. ಪೈಲಟ್‌ನ ತಡ ನೇರ ಅಲೆಗೂ ಪ್ರತಿಫಲಿತ ಅಲೆಗೂ ಒಂದೇ ಆಗಿರುವುದರಿಂದ ಎರಡರ ವ್ಯತ್ಯಾಸದಲ್ಲಿ ಅದು ಹೊಡೆದುಹೋಗುತ್ತದೆ. ಹಾಗಾಗಿ ಸಂಪೂರ್ಣ ಸಮಯವನ್ನು ನಂಬಲಾಗದ ದಿನಗಳಲ್ಲಿಯೂ ಮುಂದಿನ ಪದರ ಎಷ್ಟು ದೂರವಿದೆ ಎಂಬ ಅಂದಾಜು ಬಹುಮಟ್ಟಿಗೆ ನಂಬಿಕೆಗೆ ಅರ್ಹವಾಗಿಯೇ ಇತ್ತು. ನಮ್ಮ ಬಾವಿಯಲ್ಲಿ ಮೇಲಿನ ಮೆದು ಪದರಗಳು ಮುಗಿದು ತಳಶಿಲೆ ಆರಂಭವಾಗುವ ಆಳವನ್ನು ಮೊದಲೇ ತಿಳಿದು, ಕೇಸಿಂಗನ್ನು ಸರಿಯಾಗಿ ಅದರ ಮೇಲ್ಭಾಗದಲ್ಲಿ ನಿಲ್ಲಿಸುವ ನಿರ್ಧಾರ ಇದರ ಮೇಲೆಯೇ ನಿಂತಿತ್ತು, ಮತ್ತು ಆ ನಿರ್ಧಾರ ಸರಿಯಾಗಿತ್ತೆಂದು ನಂತರ ಬಂದ ಬಂಡೆಯ ಚೂರುಗಳು ತೋರಿಸಿದವು. ನೀರು ಅಥವಾ ಅನಿಲ ಅತಿ ಒತ್ತಡದಲ್ಲಿ ಸಿಕ್ಕಿಕೊಂಡಿರುವ ಶೇಲ್, ಅಂದರೆ ಜೇಡಿಶಿಲೆಯ, ಪದರಗಳಿರುವಲ್ಲಿ ಇದರ ಮಹತ್ವ ಇನ್ನೂ ಹೆಚ್ಚು. ಅಂಥ ಶೇಲ್‌ನಲ್ಲಿ ಅಲೆಯ ವೇಗ ಆ ಆಳಕ್ಕೆ ಇರಬೇಕಾದುದಕ್ಕಿಂತ ಕಡಿಮೆಯಿರುತ್ತದೆ. ಆ ಇಳಿಕೆ ಮೊದಲೇ ಕಂಡರೆ ಮಣ್ಣುದ್ರವದ ಸಾಂದ್ರತೆಯನ್ನು ಸಕಾಲದಲ್ಲಿ ಹೆಚ್ಚಿಸಿ ಬಾವಿ ಚಿಮ್ಮುವುದನ್ನು ತಡೆಯಬಹುದು. ಜನರ ಜೀವ ಉಳಿಸುವ ಮಾಹಿತಿಯದು.

ಸದ್ದಿನ ವಿಚಾರದಲ್ಲಿ ಸೇವಾ ತಂಡದ ಶ್ರಮವನ್ನು ಮೆಚ್ಚಲೇಬೇಕು. ರಿಗ್ ಎಂಬುದು ಸ್ವತಃ ದೊಡ್ಡ ಸದ್ದಿನ ಯಂತ್ರ. ಮಣ್ಣುದ್ರವವನ್ನು ಬಾವಿಗೆ ತಳ್ಳುವ ಮಡ್ ಪಂಪ್‌ಗಳು, ಜನರೇಟರ್‌ಗಳು, ಚೂರುಗಳನ್ನು ಸೋಸುವ ಜರಡಿಗಳು ಎಲ್ಲವೂ ನೆಲವನ್ನು ನಡುಗಿಸುತ್ತವೆ, ಮತ್ತು ಆ ನಡುಕ ನೆಲದ ಮೇಲ್ಪದರದಲ್ಲಿ ನಿಧಾನವಾಗಿ ಹರಡುವ ಮೇಲ್ಮೈ ಅಲೆಯಾಗಿ ಜಿಯೋಫೋನ್‌ಗಳಿಗೆ ಬಂದು ಸೇರುತ್ತದೆ. ಅದಕ್ಕಿಂತ ಕಷ್ಟದ ಸಂಗತಿಯೆಂದರೆ, ಪೈಪಿನ ಮೂಲಕ ಏರಿಬಂದ ಬಿಟ್‌ನ ಕಂಪನವೇ ರಿಗ್‌ನ ಕಾಲುಗಳ ಮೂಲಕ ನೆಲಕ್ಕಿಳಿದು ಹರಡುತ್ತದೆ. ಇದು ಪೈಲಟ್‌ಗೆ ಚೆನ್ನಾಗಿ ಹೊಂದುವುದರಿಂದ ಎಷ್ಟು ಹೊತ್ತು ದಾಖಲಿಸಿ ಕೂಡಿಸಿದರೂ ಮಸುಕಾಗುವುದಿಲ್ಲ. ತಂಡದವರು ಮೊದಲ ಜಿಯೋಫೋನ್‌ಗಳನ್ನು ರಿಗ್‌ನಿಂದ ಸಾಕಷ್ಟು ದೂರ ಇಟ್ಟು, ಒಂದೊಂದು ಜಾಗದಲ್ಲೂ ಹಲವನ್ನು ಗುಂಪಾಗಿ ಊರಿ, ನಿಧಾನ ಅಲೆಗಳನ್ನು ಅವುಗಳ ಓರೆಯಿಂದ ಗುರುತಿಸಿ ಸೋಸಿ ತೆಗೆದರು. ಪಂಪ್‌ಗಳ ಬಳಿಯೂ ಒಂದು ಸಂವೇದಕ ಇಟ್ಟು, ಅದರ ದಾಖಲೆಯನ್ನು ಬಳಸಿ ಪೈಲಟ್‌ನಿಂದ ಪಂಪ್‌ನ ಸದ್ದನ್ನು ಕಳೆದದ್ದು ನಾನು ಕೇಳದೆಯೇ ಮಾಡಿದ ಕೆಲಸ. ಸೂಕ್ಷ್ಮವಾಗಿ ಯೋಚಿಸುವ ಜನ ತಂಡದಲ್ಲಿದ್ದಾರೆ ಎಂಬ ಭರವಸೆ ನನಗೆ ಬಂದದ್ದು ಆಗಲೇ.

ಬಿಟ್‌ನ ಬಗೆ ಈ ಸೇವೆಯ ಅತಿ ದೊಡ್ಡ ಮಿತಿ, ಮತ್ತು ಸೇವೆ ಕೊಡುವವರು ಇದನ್ನು ಮೊದಲೇ ಸ್ಪಷ್ಟವಾಗಿ ಹೇಳದಿದ್ದುದು ನನ್ನ ಎರಡನೆಯ ದೂರು. ಹಲ್ಲುಗಳಿರುವ ಮೂರು ಶಂಕುಗಳು ಉರುಳುತ್ತ ಶಿಲೆಯನ್ನು ಜಜ್ಜುವ ರೋಲರ್ ಕೋನ್ ಬಿಟ್ ಪೈಪಿನ ನೇರಕ್ಕೆ ಮೇಲೆ ಕೆಳಗೆ ಬಲವಾದ ಕಂಪನ ಹುಟ್ಟಿಸುತ್ತದೆ. ಕೃತಕ ವಜ್ರದ ತಟ್ಟೆಗಳಿರುವ ಪಿಡಿಸಿ ಬಿಟ್ ಶಿಲೆಯನ್ನು ಜಜ್ಜುವುದಿಲ್ಲ, ಕೆರೆದು ತೆಗೆಯುತ್ತದೆ. ಅದರಿಂದ ಪೈಪಿನ ಉದ್ದದ ದಿಕ್ಕಿನಲ್ಲಿ ಬರುವ ಕಂಪನ ತೀರಾ ದುರ್ಬಲ. ಬಾವಿಯ ಒಂದು ಭಾಗದಲ್ಲಿ ವೇಗ ಹೆಚ್ಚಿಸಲು ಕೊರೆಯುವ ತಂಡ ಪಿಡಿಸಿ ಬಿಟ್‌ಗೆ ಬದಲಾಯಿಸಿದ ಕೂಡಲೇ ಪರದೆಯ ಮೇಲಿನ ಗೆರೆಗಳು ಗುರುತು ಸಿಗದಷ್ಟು ಮಸುಕಾದವು, ಮತ್ತೆ ರೋಲರ್ ಕೋನ್ ಬಿಟ್ ಬರುವವರೆಗೆ ದಾಖಲೆಯಲ್ಲಿ ದೊಡ್ಡ ಖಾಲಿ ಜಾಗ ಉಳಿಯಿತು. ಇಂದು ಕೊರೆಯುವವರು ವೇಗಕ್ಕಾಗಿ ಪಿಡಿಸಿಯನ್ನೇ ಹೆಚ್ಚು ಇಷ್ಟಪಡುವುದರಿಂದ ಇದು ಸಣ್ಣ ಮಾತಲ್ಲ. ಮೆದು ಶಿಲೆಯಲ್ಲಿಯೂ ಕಂಪನ ದುರ್ಬಲವಾಗುತ್ತದೆ, ಓರೆಯಾಗಿ ಕೊರೆದ ಬಾವಿಯಲ್ಲಿ ಪೈಪು ಗೋಡೆಗೆ ಉಜ್ಜಿ ಪೈಲಟ್ ಸಂಕೇತವನ್ನು ನುಂಗುತ್ತದೆ. ನೆಟ್ಟಗಿನ ಬಾವಿ, ಗಟ್ಟಿ ಶಿಲೆ, ರೋಲರ್ ಕೋನ್ ಬಿಟ್: ಈ ಮೂರೂ ಕೂಡಿಬಂದಲ್ಲಿ ಈ ಸೇವೆ ಅತ್ಯುತ್ತಮ, ಒಂದು ಕಳೆದರೂ ಫಲಿತಾಂಶ ಸಾಧಾರಣವಾಗುತ್ತದೆ.

ಪಿಡಿಸಿ ಬಿಟ್‌ನಿಂದಲೇ ಕೊರೆಯಬೇಕಾದವರಿಗೆ ಬೇರೊಂದು ದಾರಿಯಿದೆ. ಅದರಲ್ಲಿ ಗ್ರಾಹಕವನ್ನು ಬಿಟ್‌ನ ಸಮೀಪವೇ ಪೈಪಿನೊಳಗೆ ಅಳವಡಿಸಿ, ಮೂಲವನ್ನು ನೆಲದ ಮೇಲೆ ಅಥವಾ ಸಮುದ್ರದಲ್ಲಾದರೆ ಒತ್ತಿದ ಗಾಳಿಯನ್ನು ಸಿಡಿಸುವ ಏರ್‌ಗನ್ ರೂಪದಲ್ಲಿ ಇಡುತ್ತಾರೆ. ಹೊಸ ಪೈಪು ಜೋಡಿಸಲು ಕೊರೆಯುವಿಕೆ ನಿಂತು ಪಂಪ್‌ಗಳು ಶಾಂತವಾದಾಗ ಮೂಲವನ್ನು ಸಿಡಿಸುತ್ತಾರೆ. ಕೆಳಗಿನ ಗಡಿಯಾರ ಮೇಲಿನ ಗಡಿಯಾರಕ್ಕೆ ಸರಿಹೊಂದಿರಬೇಕು, ಮತ್ತು ಮಣ್ಣುದ್ರವದ ಒತ್ತಡದ ಮಿಡಿತಗಳ ಮೂಲಕ ಮಾಹಿತಿ ಮೇಲೆ ಬರುವ ವೇಗ ಸೆಕೆಂಡಿಗೆ 0 ಅಥವಾ 1 ಎಂಬ ಕೆಲವೇ ಅಂಕಿಗಳಷ್ಟಾದ್ದರಿಂದ ಆ ಕ್ಷಣದಲ್ಲಿ ನಮಗೆ ಸಿಗುವುದು ಬಹುತೇಕ ಅಲೆ ತಲುಪಿದ ಸಮಯ ಮಾತ್ರ. ಪೂರ್ಣ ಅಲೆರೂಪ ಉಪಕರಣದ ನೆನಪಿನಲ್ಲಿ ಕೂತಿದ್ದು ಬಿಟ್ ಹೊರಬಂದ ಮೇಲೆ ಸಿಗುತ್ತದೆ. ಬಿಟ್ ಚಿತ್ರದ ಮೇಲೆ ಎಲ್ಲಿದೆ ಎಂಬ ಪ್ರಶ್ನೆಗೆ ಇದು ಇನ್ನೂ ನಿಖರವಾದ ಉತ್ತರ ಕೊಡುತ್ತದೆ, ಮುಂದೇನಿದೆ ಎಂಬುದಕ್ಕೆ ತಡವಾಗಿ.

ಬಾವಿ ಕೊರೆದು ಮುಗಿದ ಮೇಲೆ ಮಾಡಿಸಿದ ವಿಎಸ್‌ಪಿಯನ್ನು ಇದೇ ಸಂಸ್ಥೆ ನಡೆಸಿಕೊಟ್ಟಿತು. ಅದು ಬೇರೆ ದರ್ಜೆಯ ಕೆಲಸ. ಮೂರು ದಿಕ್ಕುಗಳ ಚಲನೆಯನ್ನು ಅಳೆಯುವ ಜಿಯೋಫೋನ್‌ಗಳನ್ನು ಕೇಬಲ್‌ನಲ್ಲಿ ಇಳಿಸಿ, ಉಪಕರಣದಿಂದ ಚಾಚುವ ತೋಳೊಂದು ಬಾವಿಯ ಗೋಡೆಗೆ ಅದನ್ನು ಗಟ್ಟಿಯಾಗಿ ಒತ್ತಿ ಹಿಡಿದ ಮೇಲೆ, ನೆಲದಲ್ಲಿ ಕಂಪಿಸುವ ಟ್ರಕ್‌ನಿಂದ ಅಲೆ ಕಳುಹಿಸಲಾಯಿತು. ದಾಖಲಿಸಿ, ತೋಳು ಮಡಚಿ, ಮುಂದಿನ ಆಳಕ್ಕೆ ಸರಿದು ಮತ್ತೆ ಅದೇ ಕೆಲಸ. ಇದಕ್ಕೆ ಹಲವು ಗಂಟೆಗಳ ಕಾಲ ರಿಗ್ ಸುಮ್ಮನೆ ನಿಲ್ಲಬೇಕು, ಅದೇ ಇದರ ನಿಜವಾದ ಖರ್ಚು. ಬಿಟ್ ಮೂಲದ ಸೇವೆಗಾದರೋ ರಿಗ್‌ನ ಒಂದು ನಿಮಿಷವೂ ವ್ಯಯವಾಗುವುದಿಲ್ಲ. ಆದರೆ ವಿಎಸ್‌ಪಿಯಲ್ಲಿ ಗ್ರಾಹಕ ಬಾವಿಯೊಳಗಿರುವುದರಿಂದ, ಸಡಿಲವಾದ ಮೇಲ್ಮಣ್ಣನ್ನು ಅಲೆ ನೆಲದ ಮೇಲಿನ ಸಮೀಕ್ಷೆಯಂತೆ ಎರಡು ಸಲವಲ್ಲ, ಒಂದೇ ಸಲ ದಾಟುತ್ತದೆ. ಹೆಚ್ಚಿನ ಕಂಪನಾಂಕಗಳನ್ನು ನುಂಗುವುದು ಮುಖ್ಯವಾಗಿ ಆ ಮೇಲ್ಮಣ್ಣೇ ಆದ್ದರಿಂದ ಇಲ್ಲಿ ಅವು ಉಳಿದುಕೊಳ್ಳುತ್ತವೆ, ಸಣ್ಣ ಪದರಗಳು ಬಿಡಿಯಾಗಿ ಕಾಣುತ್ತವೆ. ಸೆಕೆಂಡಿಗೆ 3000 ಮೀಟರ್ ವೇಗದಲ್ಲಿ 30 ಹರ್ಟ್ಸ್‌ನ ಅಲೆಯ ಉದ್ದ 100 ಮೀಟರ್, ಅದರ ಕಾಲು ಭಾಗವಾದ 25 ಮೀಟರ್‌ಗಿಂತ ತೆಳುವಾದ ಪದರದ ಮೇಲ್ತಳ ಕೆಳತಳಗಳನ್ನು ಅದು ಬೇರ್ಪಡಿಸಲಾರದು. 75 ಹರ್ಟ್ಸ್ ಸಿಕ್ಕರೆ ಈ ಮಿತಿ 10 ಮೀಟರ್‌ಗೆ ಇಳಿಯುತ್ತದೆ.

ವಿಎಸ್‌ಪಿಯ ಇನ್ನೊಂದು ಗುಣವನ್ನು ನಾನು ಯಾವಾಗಲೂ ಗೌರವದಿಂದ ನೆನೆಯುತ್ತೇನೆ. ಕೆಳಗಿಳಿಯುವ ಅಲೆಯೇ ದಾಖಲೆಯಲ್ಲಿ ಇರುವುದರಿಂದ, ಮೇಲಿನ ಪದರಗಳ ನಡುವೆ ಪುಟಿದು ಹುಟ್ಟಿದ ಸುಳ್ಳು ಪ್ರತಿಫಲನಗಳನ್ನು ಊಹೆಯಿಂದಲ್ಲದೆ ಅಳತೆಯಿಂದಲೇ ತೆಗೆದುಹಾಕಬಹುದು. ಹಾಗೆ ತೆಗೆದ ಮೇಲೆ ಬಾವಿಯ ಪಕ್ಕದ ನಿಜವಾದ ಪದರಗಳ ಒಂದು ಗೆರೆ ಸಿಗುತ್ತದೆ, ಅದನ್ನು ನೆಲದ ಮೇಲಿನ ಸಮೀಕ್ಷೆಯ ಚಿತ್ರದ ಪಕ್ಕದಲ್ಲಿಟ್ಟಾಗ ಆ ಚಿತ್ರದ ಯಾವ ಗುರುತು ನಿಜ, ಯಾವುದು ಪುಟಿತದ ಪ್ರತಿಬಿಂಬ ಎಂಬುದು ಸ್ಪಷ್ಟವಾಗುತ್ತದೆ. ನಮಗೆ ಬಂದ ದಾಖಲೆ ಬಹುಪಾಲು ಸ್ವಚ್ಛವಾಗಿತ್ತು. ಕೇಸಿಂಗ್‌ನ ಹಿಂದೆ ಸಿಮೆಂಟ್ ಸರಿಯಾಗಿ ಹಿಡಿಯದ ಒಂದು ಭಾಗದಲ್ಲಿ ಮಾತ್ರ ಪೈಪು ಗಂಟೆಯಂತೆ ಮೊಳಗಿ ಎಲ್ಲವನ್ನೂ ಮುಚ್ಚಿಹಾಕಿತು. ಬಾವಿಯ ದ್ರವದಲ್ಲಿ ಸಾಗುವ ಕೊಳವೆ ಅಲೆ ಇನ್ನೊಂದೆರಡು ಕಡೆ ಕಾಟ ಕೊಟ್ಟಿತು. ಇವೆರಡನ್ನೂ ವರದಿಯಲ್ಲಿ ಆಳಸಮೇತ ನಮೂದಿಸಿ, ಆ ಭಾಗದ ವೇಗಗಳನ್ನು ನಂಬಬೇಡಿ ಎಂದು ಬರೆದಿದ್ದರು. ಇಂಥ ಎಚ್ಚರಿಕೆಯ ಸಾಲುಗಳು ವರದಿಯ ಬೆಲೆಯನ್ನು ಹೆಚ್ಚಿಸುತ್ತವೆ.

ಎರಡನ್ನೂ ಹೋಲಿಸಿದಾಗ, ಪೈಪಿನ ವೇಗವನ್ನು ತಿದ್ದಿದ ನಂತರದ ಬಿಟ್ ಮೂಲದ ಸಮಯಗಳು ವಿಎಸ್‌ಪಿಯ ಸಮಯಗಳಿಗೆ ಸಮೀಪವಾಗಿಯೇ ಇದ್ದವು. ಚಿತ್ರದ ಸೂಕ್ಷ್ಮತೆಯಲ್ಲಿ ಮಾತ್ರ ಬಿಟ್ ಮೂಲ ಬಹಳ ಹಿಂದೆ ಉಳಿಯುತ್ತದೆ, ಅದರಲ್ಲಿ ಆಶ್ಚರ್ಯವೂ ಇಲ್ಲ. ಸ್ತರಭಂಗದ ಹತ್ತಿರ ಶಿಲೆ ನುಚ್ಚುನೂರಾದ ವಲಯ ವಿಎಸ್‌ಪಿಯಲ್ಲಿ ಚೆನ್ನಾಗಿ ಕಂಡಿತು, ಬಿಟ್‌ನ ದಾಖಲೆಯಲ್ಲಿ ಅದು ಇದ್ದೂ ಇಲ್ಲದಂತಿತ್ತು.

ಫೈಬರ್ ಆಪ್ಟಿಕ್ ಎಳೆಯನ್ನೇ ಗ್ರಾಹಕವಾಗಿಸುವ ಆಯ್ಕೆಯನ್ನೂ ಅವರು ಮುಂದಿಟ್ಟರು, ನಾವು ತೆಗೆದುಕೊಳ್ಳಲಿಲ್ಲ. ಎಳೆಯೊಳಗೆ ಲೇಸರ್ ಮಿಡಿತ ಕಳುಹಿಸಿ, ಗಾಜಿನ ಕಣಕಣದಿಂದ ಹಿಂದಕ್ಕೆ ಚದುರಿ ಬರುವ ಬೆಳಕಿನ ಬದಲಾವಣೆಯಿಂದ ಎಳೆಯ ಹಿಗ್ಗುಕುಗ್ಗನ್ನು ಅಳೆಯುವ ಈ ಪದ್ಧತಿಯಲ್ಲಿ ಇಡೀ ಬಾವಿ ಒಂದೇ ಸಲ ಗ್ರಾಹಕವಾಗುತ್ತದೆ, ಅಲೆ ಕಳುಹಿಸಿದಾಗೆಲ್ಲ ಮೇಲಿಂದ ತಳದವರೆಗಿನ ದಾಖಲೆ ಸಿಗುತ್ತದೆ. ಆದರೆ ಎಳೆಗೆ ತನ್ನ ಉದ್ದದ ದಿಕ್ಕಿನ ಚಲನೆ ಮಾತ್ರ ತಿಳಿಯುತ್ತದೆ, ಪಕ್ಕದಿಂದ ಬರುವ ಅಲೆಗೆ ಅದು ಬಹುತೇಕ ಕುರುಡು. ಒಂದೊಂದು ಬಿಂದುವಿನಲ್ಲೂ ಜಿಯೋಫೋನ್‌ಗಿಂತ ಹೆಚ್ಚು ಗದ್ದಲ. ಕೇಸಿಂಗ್‌ನ ಹಿಂದೆ ಸಿಮೆಂಟ್‌ನಲ್ಲಿ ಕೂಡಿಸಿಬಿಟ್ಟರೆ ಮಾತ್ರ ಅದರ ಪೂರ್ಣ ಪ್ರಯೋಜನ. ವರ್ಷಗಟ್ಟಲೆ ಮತ್ತೆ ಮತ್ತೆ ಅಳೆಯಬೇಕಾದ ಬಾವಿಗಳಿಗೆ, ಉದಾಹರಣೆಗೆ ಆಸ್ಟ್ರೇಲಿಯದ ಓಟ್‌ವೇಯಲ್ಲಿ ನೆಲದಾಳಕ್ಕೆ ತುಂಬಿದ ಇಂಗಾಲದ ಡೈಆಕ್ಸೈಡ್‌ನ ಚಲನೆಯನ್ನು ಕಾಯುತ್ತಿರುವಂಥ ಕೆಲಸಗಳಿಗೆ, ಇದಕ್ಕಿಂತ ಯೋಗ್ಯವಾದುದಿಲ್ಲ. ಒಮ್ಮೆ ಮಾತ್ರ ಅಳೆಯುವ ಬಾವಿಗೆ ಅದು ಅಗತ್ಯವಿರಲಿಲ್ಲ.

ಪೈಲಟ್ ಸಂಕೇತ ಇಲ್ಲದೆಯೂ ಬಿಟ್‌ನ ಸದ್ದಿನಿಂದ ಚಿತ್ರ ಪಡೆದ ಒಂದು ಹೆಸರಾಂತ ಉದಾಹರಣೆಯಿದೆ. ಕ್ಯಾಲಿಫೋರ್ನಿಯದ ಪಾರ್ಕ್‌ಫೀಲ್ಡ್ ಬಳಿ ಸ್ಯಾನ್ ಆಂಡ್ರಿಯಾಸ್ ಸ್ತರಭಂಗವನ್ನು ಆಳದಲ್ಲೇ ಅಧ್ಯಯನ ಮಾಡುವ ಯೋಜನೆಗಾಗಿ 2002ರಲ್ಲಿ ಸುಮಾರು 2.2 ಕಿಲೋಮೀಟರ್ ಆಳದ ಪ್ರಾಯೋಗಿಕ ಬಾವಿಯೊಂದನ್ನು ಕೊರೆದು ಅದರಲ್ಲಿ 32 ಹಂತಗಳ ಗ್ರಾಹಕ ಸಾಲನ್ನು ಇಳಿಸಲಾಗಿತ್ತು. ಪಕ್ಕದಲ್ಲಿ ಮುಖ್ಯ ಬಾವಿ ಕೊರೆಯುವಾಗ ಆ ಬಿಟ್‌ನ ಸದ್ದನ್ನು ಈ ಸಾಲು ದಾಖಲಿಸಿತು. ಅದರ ಜೊತೆ ಪೈಪಿನ ತುದಿಯ ದಾಖಲೆ ಇರಲಿಲ್ಲ. ಆದರೂ ಗ್ರಾಹಕಗಳ ದಾಖಲೆಗಳನ್ನು ಒಂದರಿಂದೊಂದು ಬಿಡಿಸಿಕೊಳ್ಳುವ ಲೆಕ್ಕದಿಂದ, ಬಿಟ್‌ನ ಕಂಪನ ಹೇಗಿತ್ತೆಂದು ತಿಳಿಯದೆಯೇ, ಸ್ತರಭಂಗದ ಚಿತ್ರ ಪಡೆಯಬಹುದೆಂದು ವಾಸ್ಕೊನ್ಸೆಲೋಸ್ ಮತ್ತು ಸ್ನೈಡರ್ 2008ರಲ್ಲಿ ತೋರಿಸಿದರು. ಒಂದು ಗ್ರಾಹಕವೇ ಇನ್ನೊಂದಕ್ಕೆ ಪೈಲಟ್ ಆದಂತೆ. ಈ ಲೆಕ್ಕವನ್ನು ನಮ್ಮ ದಾಖಲೆಗಳ ಮೇಲೂ ನಡೆಸಿ ಎಂದು ಕೇಳಿದಾಗ ಸಂಸ್ಥೆಯವರು ಒಪ್ಪಿ ಪ್ರಯತ್ನಿಸಿದರು. ಪಿಡಿಸಿ ಬಿಟ್‌ನ ಭಾಗದ ಖಾಲಿ ಜಾಗ ಅದರಿಂದಲೂ ತುಂಬಲಿಲ್ಲ, ಏಕೆಂದರೆ ಅಲ್ಲಿ ಪೈಲಟ್ ಮಾತ್ರವಲ್ಲ, ಶಿಲೆಗೆ ಹೋದ ಶಕ್ತಿಯೇ ಕಡಿಮೆಯಿತ್ತು.

ಈ ಸೇವೆಯನ್ನು ತರಿಸಿಕೊಳ್ಳಬೇಕೆಂದಿರುವವರಿಗೆ, ನೆಲದ ಮೇಲಿನ ಸಮೀಕ್ಷೆ ಇದ್ದೂ ವೇಗದ ಮಾಹಿತಿ ಇಲ್ಲದ ಹೊಸ ಪ್ರದೇಶದಲ್ಲಿ, ಅಕ್ಕಪಕ್ಕದಲ್ಲಿ ಹಿಂದೆ ಕೊರೆದ ಬಾವಿಗಳಿಲ್ಲದಾಗ ಇದನ್ನು ನಾನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಸುತ್ತಲೂ ಬಾವಿಗಳಿದ್ದು ವೇಗ ಈಗಾಗಲೇ ಚೆನ್ನಾಗಿ ಗೊತ್ತಿರುವ ಕಡೆ ಇದರ ಅಗತ್ಯ ನನಗೆ ಕಾಣುವುದಿಲ್ಲ. ಅಲ್ಲಿ ಆ ಹಣವನ್ನು ಕೊನೆಯ ವಿಎಸ್‌ಪಿಯನ್ನು ಇನ್ನಷ್ಟು ದೂರದ ಮೂಲಗಳಿಂದ ವಿಸ್ತಾರವಾಗಿ ಮಾಡಿಸಲು ಬಳಸುವುದು ಮೇಲು, ಆಗ ಬಾವಿಯ ಪಕ್ಕದ ಪದರಗಳೂ ಮೂಲದ ದೂರದ ಸುಮಾರು ಅರ್ಧದವರೆಗೆ ಕಾಣುತ್ತವೆ. ಸೇವೆ ತೆಗೆದುಕೊಳ್ಳುವುದೇ ಆದರೆ ಯಾವ ಆಳದಿಂದ ಯಾವ ಆಳದವರೆಗೆ ಯಾವ ಬಿಟ್ ಬಳಕೆಯಾಗಲಿದೆ ಎಂಬುದನ್ನು ಕೊರೆಯುವ ತಂಡದ ಎದುರಿನಲ್ಲಿಯೇ ಸೇವೆ ಕೊಡುವವರೊಂದಿಗೆ ಮಾತಾಡಿ ಒಪ್ಪಂದಕ್ಕೆ ಸೇರಿಸಬೇಕು, ಮತ್ತು ಕಂಪನ ಸಿಗದ ಭಾಗಗಳಿಗೆ ಯಾವ ಬದಲಿ ವ್ಯವಸ್ಥೆ ಎಂಬುದೂ ಅಲ್ಲೇ ತೀರ್ಮಾನವಾಗಬೇಕು.

ಪೈಪಿನ ವೇಗವನ್ನು ಪ್ರತಿ ದಿನದ ವರದಿಯಲ್ಲೂ, ಅದನ್ನು ಅಳೆದ ಪುಟಿತಗಳ ಚಿತ್ರದ ಸಮೇತ, ಕೇಳಿ ಪಡೆಯಬೇಕು. ಅಷ್ಟೇ ಮುಖ್ಯವಾದ ಇನ್ನೊಂದು ಷರತ್ತೆಂದರೆ, ಸಂಸ್ಕರಿಸಿದ ಗೆರೆಗಳ ಜೊತೆಗೆ ಸಂಸ್ಕರಿಸದ ಪೈಲಟ್ ದಾಖಲೆಯೂ ಎಲ್ಲ ಜಿಯೋಫೋನ್‌ಗಳ ಮೂಲ ದಾಖಲೆಯೂ ಉಪಗ್ರಹ ಗಡಿಯಾರದ ಸಮಯದ ಗುರುತಿನೊಂದಿಗೆ ಸೇವೆ ಕೊಂಡವರ ಕೈ ಸೇರಬೇಕು. ಮೂಲ ದಾಖಲೆ ಬಹಳ ದೊಡ್ಡದಾಗಿರುವುದರಿಂದ ಹೊಂದಿಸಿದ ಫಲಿತಾಂಶವನ್ನಷ್ಟೇ ಉಳಿಸಿಕೊಂಡು ಉಳಿದದ್ದನ್ನು ಅಳಿಸುವುದು ಸೇವೆ ಕೊಡುವವರ ರೂಢಿ. ನಮ್ಮಲ್ಲಿಯೂ ಮೊದಲ ಭಾಗದ ಮೂಲ ದಾಖಲೆ ಹಾಗೆಯೇ ಹೋಯಿತು, ಪಂಪ್‌ನ ಸದ್ದನ್ನು ಕಳೆಯುವ ಉತ್ತಮ ಲೆಕ್ಕ ಕೈಗೆ ಬಂದ ಮೇಲೆ ಆ ಭಾಗವನ್ನು ಮತ್ತೊಮ್ಮೆ ಸಂಸ್ಕರಿಸಲು ಆಗಲೇ ಇಲ್ಲ. ಉಳಿದ ಭಾಗಗಳ ಮೂಲ ದಾಖಲೆಗಳನ್ನು ಅವರು ಕೇಳಿದ ಕೂಡಲೇ ಡಿಸ್ಕ್‌ಗಳಲ್ಲಿ ತುಂಬಿ ಒಪ್ಪಿಸಿದರು, ಅವುಗಳ ಮೇಲಿನ ಕೆಲಸ ಈಗಲೂ ಮುಂದುವರಿದಿದೆ.